ಟ್ಯೂಬ್ ಕೊಳ್ಳುವ ಮೊದಲು: ಮುಂಬೈ ಮಳೆ, ಬೆವರು ಮತ್ತು ಸ್ಕಿನ್ ಡಾಕ್ಟರ್

ಮೂರು ವರ್ಷದ ಹಿಂದಿನ ಜುಲೈ. ನನ್ನ ತೊಡೆಸಂದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಉಂಗುರ ಎದ್ದಿತು. ಹುಳಕಡ್ಡಿ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ದಿನಾ ಒದ್ದೆ ಪ್ಯಾಂಟಿನಲ್ಲಿ ಲೋಕಲ್ ಹತ್ತುವವನಿಗೆ ಇದೇನು ದೊಡ್ಡದು ಅಂದುಕೊಂಡೆ. ಸ್ಟೇಷನ್ ಪಕ್ಕದ ಮೆಡಿಕಲ್‌ನಲ್ಲಿ ಕೇಳಿದೆ, ಒಂದು ಟ್ಯೂಬ್ ಕೊಟ್ಟ. ಎರಡೇ ದಿನಕ್ಕೆ ನವೆ ಮಾಯ! ಹಚ್ಚುವುದು ಬಿಟ್ಟೆ. ಹತ್ತು ದಿನಕ್ಕೆ ಉಂಗುರ ವಾಪಸ್, ಈ ಸಲ ಎರಡು. ಮತ್ತೆ ಅದೇ ಟ್ಯೂಬ್. ದೀಪಾವಳಿ ಹೊತ್ತಿಗೆ ಅದು ಸೊಂಟ ಸುತ್ತಿತ್ತು, ಹೆಂಡತಿಗೂ ಹತ್ತಿತ್ತು.

ಆಮೇಲೆ ಸ್ಕಿನ್ ಡಾಕ್ಟರ್ ಹತ್ತಿರ ಹೋದೆ. ಅವರು ಚರ್ಮಕ್ಕಿಂತ ಮೊದಲು ಟ್ಯೂಬ್ ನೋಡಿದರು. ಅದರಲ್ಲಿ ಮೂರು ಔಷಧಿ ಒಟ್ಟಿಗೆ ಇದ್ದವು: ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಗೆ ಒಂದು, ಜೊತೆಗೆ ಗಡುಸಾದ ಸ್ಟಿರಾಯ್ಡ್. ಸ್ಟಿರಾಯ್ಡ್ ಮಾಡುವ ಕೆಲಸ ಏನೆಂದರೆ, ಚರ್ಮ ಫಂಗಸ್ ಜೊತೆ ಜಗಳ ಆಡುವುದನ್ನು ನಿಲ್ಲಿಸುತ್ತದೆ. ಜಗಳ ನಿಂತರೆ ಕೆಂಪು ಇಲ್ಲ, ನವೆ ಇಲ್ಲ. ಫಂಗಸ್ ಮಾತ್ರ ಒಳಗೊಳಗೇ ಆರಾಮಾಗಿ ಹಬ್ಬುತ್ತಿರುತ್ತದೆ. ಕೆಲವೇ ವಾರದಲ್ಲಿ ಮುಗಿಯಬೇಕಿದ್ದದ್ದಕ್ಕೆ ನಾನು ನಾಲ್ಕು ತಿಂಗಳು ಮಾತ್ರೆ ನುಂಗಿದೆ.

ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಒಮ್ಮೆ ನಾಟಕ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಇದನ್ನೇ ಹೇಳಿದೆ. ಮೂರು ಜನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಯಾವ ಟ್ಯೂಬ್?" ಮೂವರ ಮನೆಯಲ್ಲೂ ಅಂಥದ್ದೇ ಒಂದಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹತ್ತಿರ ತಡವಾಗಿ ಹೋದವನು, ಅಷ್ಟೇ.

ಮೊದಲು ಮನೆಯಲ್ಲಿರುವ ಟ್ಯೂಬ್ ತಿರುಗಿಸಿ ಓದಿ

ಹಿಂಬದಿಯ ಸಣ್ಣ ಅಕ್ಷರ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್. ಇವೆಲ್ಲ ಸ್ಟಿರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಚ್ಚುವ ಸ್ಟಿರಾಯ್ಡ್‌ಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಸಿಗುತ್ತವೆ, ನನಗೆ ಸಿಕ್ಕಿತಲ್ಲ.

ಮುಖಕ್ಕೆ ಬೆಳ್ಳಗಾಗಲಿ ಅಂತ ಹಚ್ಚುವ ಕ್ರೀಮುಗಳಲ್ಲೂ ಇದು ಅಡಗಿರುತ್ತದೆ. ಮೊದಲ ವಾರ ಮುಖ ಫಳಫಳ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಹೆಂಗಸರಿಗೆ ಕೆನ್ನೆ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಬಿಸಿಲಲ್ಲಿ ಉರಿ. ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಬಸುರಿಯ ಹೊಟ್ಟೆ ಮೇಲಿನಂಥ ಗೆರೆಗಳು ಬೀಳುತ್ತವೆ, ಅವು ಪೂರ್ತಿ ಹೋಗುವುದಿಲ್ಲ. ನನಗೂ ಇವೆ. ಇನ್ನು ತಯಾರಕರ ವಿಳಾಸವೇ ಇಲ್ಲದ ಫೇರ್‌ನೆಸ್ ಡಬ್ಬಿಗಳಲ್ಲಿ ಪಾದರಸ ಇರುವುದುಂಟು. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮ್ ಹಚ್ಚಿಕೊಂಡವರ ಕಿಡ್ನಿಗೆ ಪೆಟ್ಟು ಬಿದ್ದದ್ದು ಸುದ್ದಿಯಾಗಿತ್ತು.

ಹಾಗಂತ ಸ್ಟಿರಾಯ್ಡ್ ಅಂದ ಕೂಡಲೇ ಓಡಬೇಡಿ. ಇಸುಬಿಗೆ, ಸೋರಿಯಾಸಿಸ್‌ಗೆ ಅದೇ ಸರಿಯಾದ ಔಷಧಿ. ಎಷ್ಟು ಗಡುಸಿನದು, ಯಾವ ಜಾಗಕ್ಕೆ, ಎಷ್ಟು ದಿನ ಎಂಬುದನ್ನು ಡಾಕ್ಟರ್ ಹೇಳಬೇಕು. ಡಾಕ್ಟರ್ ಬರೆದುಕೊಟ್ಟ ಸ್ಟಿರಾಯ್ಡನ್ನು ಹೆದರಿ ಅರ್ಧಕ್ಕೆ ಬಿಟ್ಟು ಇಸುಬು ಜಾಸ್ತಿ ಮಾಡಿಕೊಂಡವರನ್ನೂ ನೋಡಿದ್ದೇನೆ.

ಯಾವಾಗ ಹೋಗಬೇಕು, ಯಾರ ಹತ್ತಿರ

ಮಾಮೂಲಿ ಬೆವರುಸಾಲೆಗೆ, ಒಂದೆರಡು ಮೊಡವೆಗೆ ಡಾಕ್ಟರ್ ಬೇಡ. ನಾನು ಇಟ್ಟುಕೊಂಡ ಲೆಕ್ಕ ಹೀಗಿದೆ. ಎರಡು ವಾರವಾದರೂ ಹೋಗದ ಗುಳ್ಳೆ ಅಥವಾ ಕಲೆ, ಉಂಗುರದ ಹಾಗೆ ಅಂಚು ಬೆಳೆಯುವುದು, ರಾತ್ರಿ ಜಾಸ್ತಿಯಾಗುವ ತುರಿಕೆ, ಬಣ್ಣ ಅಥವಾ ಆಕಾರ ಬದಲಿಸುವ ಮಚ್ಚೆ, ಉಗುರಿನಲ್ಲಿ ಹೊಸದಾಗಿ ಕಂಡ ಕಪ್ಪು ಗೆರೆ ಅಗಲವಾಗುತ್ತಿರುವುದು, ನಾಣ್ಯದಷ್ಟು ಜಾಗದಲ್ಲಿ ಕೂದಲು ಪೂರ್ತಿ ಹೋಗಿರುವುದು. ಇವಕ್ಕೆ ಕಾಯಬೇಡಿ.

ಒಂದು ವಿಷಯ ಬೇರೆಯಾಗಿಯೇ ಹೇಳುತ್ತೇನೆ. ಮಾಸಲು ಬಿಳಿ ಅಥವಾ ಕೆಂಪು ಕಲೆ, ಅಲ್ಲಿ ಮುಟ್ಟಿದರೆ, ಬಿಸಿ ತಾಗಿದರೆ ಗೊತ್ತಾಗುವುದಿಲ್ಲ ಅಂದರೆ ಕುಷ್ಠ ಇರಬಹುದು. ಹೆದರಿ ಮುಚ್ಚಿಡುವ ಕಾಲ ಅಲ್ಲ ಇದು. ಎಂಡಿಟಿ, ಅಂದರೆ ಹಲವು ಔಷಧಿ ಒಟ್ಟಿಗೆ ಕೊಡುವ ಮಾತ್ರೆಗಳು, ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತವೆ, 6 ಅಥವಾ 12 ತಿಂಗಳ ಕೋರ್ಸ್. ಬೇಗ ಶುರು ಮಾಡಿದರೆ ಬೆರಳು ಊನ ಆಗುವುದಿಲ್ಲ. ಮುಂಬೈಯಲ್ಲಿ ಇದಕ್ಕೇ ಅಂತ ವಡಾಲಾದಲ್ಲಿ ಅಕ್ವರ್ತ್ ಆಸ್ಪತ್ರೆ 19ನೇ ಶತಮಾನದಿಂದ ಇದೆ. ತೊನ್ನು ಬೇರೆ, ಇದು ಬೇರೆ. ತೊನ್ನಿನ ಜಾಗದಲ್ಲಿ ಸ್ಪರ್ಶ ಚೆನ್ನಾಗಿರುತ್ತದೆ, ಅದು ಯಾರಿಗೂ ಅಂಟುವುದೂ ಇಲ್ಲ.

ಡಾಕ್ಟರ್ ಹುಡುಕುವಾಗ ಬೋರ್ಡಿನ ಮೇಲಿನ ಡಿಗ್ರಿ ಓದಿ. ಎಂ.ಡಿ. ಅಥವಾ ಡಿ.ಎನ್.ಬಿ. ಡರ್ಮಟಾಲಜಿ, ಇಲ್ಲವೇ ಡಿ.ವಿ.ಡಿ., ಡಿ.ಡಿ.ವಿ.ಎಲ್. ಇರಬೇಕು. "ಸ್ಕಿನ್ ಎಕ್ಸ್‌ಪರ್ಟ್", "ಕಾಸ್ಮೆಟಾಲಜಿಸ್ಟ್" ಅಂತ ಮಾತ್ರ ಇದ್ದರೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿ ಆಗಿದೆಯಾ ನೋಡಿ. ಒಳಗೆ ಹೋದ ಕೂಡಲೇ ಆರು ಸಿಟ್ಟಿಂಗ್‌ನ ಪ್ಯಾಕೇಜ್ ಬಗ್ಗೆ ರಿಸೆಪ್ಷನ್ ಹುಡುಗಿ ಮಾತಾಡಿದರೆ, ಡಾಕ್ಟರ್ ನೋಡುವ ಮುಂಚೆ ಒಂದು ರೂಪಾಯಿಯೂ ಕಟ್ಟಬೇಡಿ.

ದುಡ್ಡಿನ ಚಿಂತೆ ಇದ್ದವರಿಗೆ ಪರೇಲ್‌ನ ಕೆಇಎಂ, ಸಾಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್‌ನ ನಾಯರ್ ಇವೆ. ಮೂರೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಮೂರರಲ್ಲೂ ಚರ್ಮರೋಗದ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಕ್ಯೂ ಉದ್ದ ಇರುತ್ತದೆ, ಅರ್ಧ ದಿನ ರಜೆ ಹಾಕಿಕೊಂಡೇ ಹೋಗಿ. ಆದರೆ ಇಲ್ಲಿ ದಿನಕ್ಕೆ ನೂರಾರು ಚರ್ಮ ನೋಡುವ ಕಣ್ಣುಗಳಿವೆ. ಕೇಸ್ ಪೇಪರ್ ಕಳೆದುಕೊಳ್ಳಬೇಡಿ, ಮುಂದಿನ ಸಲ ಅದೇ ಬೇಕು.

ಹೋಗುವ ಹಿಂದಿನ ದಿನ

ಮೂರು ದಿನದಿಂದ ಏನೇನು ಹಚ್ಚುತ್ತಿದ್ದೀರೋ ಅದೆಲ್ಲ ಚೀಲಕ್ಕೆ ಹಾಕಿ. ಟ್ಯೂಬ್, ಶಾಂಪೂ, ಹೇರ್ ಡೈ ಡಬ್ಬಿ, ಊರಿಂದ ತಂದ ಎಣ್ಣೆ, ಎಲ್ಲ. ಹೆಸರು ನೆನಪಿರುವುದಿಲ್ಲ, ಡಬ್ಬಿ ಸುಳ್ಳು ಹೇಳುವುದಿಲ್ಲ. ಬಿಪಿ, ಶುಗರ್ ಮಾತ್ರೆಗಳ ಪಟ್ಟಿಯೂ ಇರಲಿ.

ಮುಖಕ್ಕೆ ಮೇಕಪ್ ಬೇಡ. ಉಗುರಿಗೆ ಪಾಲಿಶ್ ಬೇಡ, ಕಾಲಿನ ಉಗುರಿಗೂ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಹೊಟ್ಟು ಎಣ್ಣೆಯಲ್ಲಿ ಅಡಗುತ್ತದೆ. ಹುಳಕಡ್ಡಿ ಇದ್ದ ಜಾಗಕ್ಕೆ ಅವತ್ತು ಪೌಡರು, ಕ್ರೀಮು ಏನೂ ಬೇಡ. ಚರ್ಮದ ಹೊಟ್ಟನ್ನು ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕೆಒಎಚ್ ಟೆಸ್ಟ್ ಅಂದರೆ ಇದೇ. ಕ್ರೀಮ್ ಮೆತ್ತಿದ್ದರೆ ಫಂಗಸ್ ಕಾಣದೇ ಹೋಗಬಹುದು.

ಪಿತ್ತದ ಗಂಧೆ ಬರುತ್ತದಲ್ಲ, ಅದು ಡಾಕ್ಟರ್ ಮುಂದೆ ಕೂತಾಗ ಎಂದೂ ಇರುವುದಿಲ್ಲ. ಬಂದಾಗಲೇ ಫೋನಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಕಿಟಕಿ ಬೆಳಕಲ್ಲಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು.

ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಹೇಳಲೇಬೇಕು. ಕೂದಲಿಗೆ ಅಂತ ಎಲ್ಲರೂ ತಿನ್ನುತ್ತಾರೆ, ಆದರೆ ಅದು ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿಯನ್ನೇ ತಪ್ಪಿಸಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ.

ಡಾಕ್ಟರ್‌ಗೆ ಹೇಳುವುದು ಹೇಗೆ

ನಮ್ಮ ಮುಖ್ಯ ತಾಪತ್ರಯ ಇಲ್ಲೇ. ಊರಿಂದ ಬಂದ ಅಮ್ಮನನ್ನು ಕರೆದುಕೊಂಡು ಹೋದರೆ ಡಾಕ್ಟರ್ ಮರಾಠಿಯಲ್ಲಿ ಕೇಳುತ್ತಾರೆ, ಅಮ್ಮ ಕನ್ನಡದಲ್ಲಿ ಹೇಳುತ್ತಾಳೆ, ನಡುವೆ ನಾವು "ಖುಜಲಿ ಹೈ" ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಆದರೆ ನವೆ, ಉರಿ, ಜುಮುಜುಮು ಮೂರೂ ಬೇರೆ ಬೇರೆ ಕಾಯಿಲೆಯ ಸುಳಿವು. ನವೆಗೆ ಮರಾಠಿಯಲ್ಲಿ ಖಾಜ್. ಉರಿಗೆ ಜಳಜಳ್. ಜುಮುಗುಟ್ಟಿದರೆ ಮುಂಗ್ಯಾ ಯೇತಾತ್, ಅಂದರೆ ಇರುವೆ ಹರಿದ ಹಾಗೆ. ಮರಗಟ್ಟಿದರೆ ಬಧೀರ್. ತಲೆಹೊಟ್ಟು ಅಂದರೆ ಕೋಂಡಾ. ಗಜಕರ್ಣ, ಅಂದರೆ ಹುಳಕಡ್ಡಿ, ಮಾತ್ರ ಅವರಿಗೂ ಗಜಕರ್ಣವೇ, ನಾಯ್ಟಾ ಅಂತಲೂ ಅನ್ನುತ್ತಾರೆ. ನಾವು ಕೆರೆದು ಹುಣ್ಣಾದದ್ದಕ್ಕೆಲ್ಲ ಕಜ್ಜಿ ಅನ್ನುತ್ತೇವೆ, ಅವರ ಖರೂಜ್ ಅಂದರೆ ಮನೆಮಂದಿಗೆಲ್ಲ ಹರಡುವ ಆ ಒಂದೇ ಹುಳದ ಕಜ್ಜಿ. ಕನ್ನಡದ ಡಾಕ್ಟರ್ ಸಿಕ್ಕರೂ ಪೂರ್ತಿ ನಿಶ್ಚಿಂತೆ ಇಲ್ಲ. ಧಾರವಾಡದ ಕಡೆ ತುರಿಕೆಗೆ ತಿಂಡಿ ಅನ್ನುತ್ತಾರೆ. ಉಡುಪಿ ಕಡೆಯ ಡಾಕ್ಟರ್ ಮುಂದೆ "ತಿಂಡಿ ಜಾಸ್ತಿ ಆಗೇದ್ರಿ" ಅಂದರೆ ಡಯಟ್ ಹೇಳಿಯಾರು.

ಇಷ್ಟನ್ನು ಹೇಳಿ: ಯಾವಾಗ ಶುರುವಾಯಿತು, ಮೊದಲು ಎಲ್ಲಿ, ಆಮೇಲೆ ಎಲ್ಲಿಗೆ ಹರಡಿತು, ರಾತ್ರಿ ಜಾಸ್ತಿಯಾ, ಮನೆಯಲ್ಲಿ ಇನ್ಯಾರಿಗೆ ಇದೆ, ಕೆಲಸ ಏನು. ಕೆಲಸ ಏನು ಎಂಬುದನ್ನು ಮರೆಯಬೇಡಿ. ನಮ್ಮವರ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ, ಹಿಟ್ಟು ರುಬ್ಬುವ ಹುಡುಗರ ಉಗುರಿನ ಬುಡ ಊದಿರುವುದಕ್ಕೆ ಕಾರಣ ದಿನವಿಡೀ ನೀರಲ್ಲಿ ಇರುವ ಕೈ. ಅದನ್ನು ಹೇಳದೆ ಕ್ರೀಮ್ ಮಾತ್ರ ತಂದರೆ ಗುಣ ಆಗುವುದಿಲ್ಲ.

ತೊಡೆಸಂದಿ, ಜನನಾಂಗದ ಜಾಗ ತೋರಿಸಲು ನಾಚಿಕೆ ಅಲ್ವಾ? ನನಗೂ ಆಗಿತ್ತು. ತೋರಿಸದೆ ಬಾಯಲ್ಲಿ ಹೇಳಿದೆ, ಡಾಕ್ಟರ್ ಪೆನ್ನು ಕೆಳಗಿಟ್ಟು ಕಾದರು. ಬೇಕಾದರೆ ಹೆಂಗಸರು ಲೇಡಿ ಡಾಕ್ಟರ್ ಕೇಳಬಹುದು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು. ಬಸುರಿ ಆಗಿದ್ದರೆ, ಆಗುವ ಯೋಚನೆ ಇದ್ದರೆ ಮೊದಲೇ ಹೇಳಿ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಗರ್ಭದ ಮಗುವಿಗೆ ದೊಡ್ಡ ಅಪಾಯ.

ಎದ್ದು ಬರುವ ಮುಂಚೆ ಮೂರು ಪ್ರಶ್ನೆ ಕೇಳಿ. ಕಾಯಿಲೆಯ ಹೆಸರೇನು? ಎಷ್ಟು ದಿನ ಹಚ್ಚಬೇಕು? ಯಾವಾಗ ಗುಣ ಕಾಣಬೇಕು? ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಔಷಧಿ ಹಚ್ಚುವ ಲೆಕ್ಕ

ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಈ ಲೆಕ್ಕ ಗೊತ್ತಿಲ್ಲದೆ ಕೆಲವರು ಸೋಪಿನ ಹಾಗೆ ಬಳಿಯುತ್ತಾರೆ, ಕೆಲವರು ವಿಭೂತಿ ಹಾಗೆ ಮುಟ್ಟಿಸುತ್ತಾರೆ.

ಹುಳಕಡ್ಡಿಗೆ ಉಂಗುರದ ಮೇಲೆ ಮಾತ್ರ ಹಚ್ಚಿದರೆ ಸಾಲದು. ಅಂಚಿನಿಂದ ಎರಡು ಸೆಂಟಿಮೀಟರ್ ಆಚೆವರೆಗೂ ಹಚ್ಚಬೇಕು. ಕಲೆ ಹೋದ ಮೇಲೂ ಎರಡು ವಾರ ಮುಂದುವರಿಸಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಎಡವಿದ್ದು ಇಲ್ಲೇ. ಈಗಿನ ಹುಳಕಡ್ಡಿ ನಮ್ಮ ಅಜ್ಜಿಯ ಕಾಲದ್ದೂ ಅಲ್ಲ. ಇಲ್ಲಿ ಹಬ್ಬಿರುವ ಫಂಗಸ್‌ಗೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ ಇದೆ, ಹೆಮ್ಮೆ ಪಡುವಂಥದ್ದಲ್ಲ. ಹಳೇ ನಂಬಿಕೆಯ ಟರ್ಬಿನಾಫಿನ್ ಮಾತ್ರೆಗೆ ಇದು ಎಷ್ಟೋ ಸಲ ಬಗ್ಗುವುದಿಲ್ಲ. ಹಾಗಾಗಿ ಪಕ್ಕದ ಮನೆಯವರ ಚೀಟಿ ತೋರಿಸಿ ಔಷಧಿ ತರಬೇಡಿ.

ಖರೂಜ್ ಅಂದರೆ ಕಜ್ಜಿಗೆ ಪರ್ಮೆಥ್ರಿನ್ ಕ್ರೀಮ್ ಕೊಟ್ಟರೆ ಕತ್ತಿನಿಂದ ಕಾಲ್ಬೆರಳವರೆಗೆ, ಉಗುರಿನ ಸಂದಿ, ಹೊಕ್ಕಳು ಬಿಡದೆ ಹಚ್ಚಿ ರಾತ್ರಿ ಇಟ್ಟು ಬೆಳಿಗ್ಗೆ ಸ್ನಾನ. ವಾರದ ಮೇಲೆ ಇನ್ನೊಮ್ಮೆ. ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದವರೂ. ಒಂದು ರೂಮಿನಲ್ಲಿ ಆರು ಹುಡುಗರು ಇರುವ ಕಡೆ ಐವರು ಹಚ್ಚಿ ಒಬ್ಬ ಬಿಟ್ಟರೆ ಮುಂದಿನ ತಿಂಗಳು ಆರೂ ಜನ ಕೆರೆಯುತ್ತಾ ಕೂತಿರುತ್ತಾರೆ. ಹುಳ ಸತ್ತ ಮೇಲೂ ಎರಡು ಮೂರು ವಾರ ನವೆ ಉಳಿಯಬಹುದು, ಅದಕ್ಕೆ ದಿನಾ ಕ್ರೀಮ್ ಬಳಿಯಬೇಡಿ.

ಮೊಡವೆ ಔಷಧಿ ಕೆಲಸ ಮಾಡಲು ಆರರಿಂದ ಎಂಟು ವಾರ ಬೇಕು. ರಾತ್ರಿ ಹಚ್ಚುವ ಅಡಾಪಲೀನ್ ಪೂರ್ತಿ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಮೊದಲು ಸ್ವಲ್ಪ ಸುಲಿಯುತ್ತದೆ, ತಡೆದುಕೊಳ್ಳಿ. ತಡೆಯಲಾಗದಷ್ಟಾದರೆ ಫೋನ್ ಮಾಡಿ ಕೇಳಿ, ಸುಮ್ನೆ ಬಿಡಬೇಡಿ.

ಮಳೆಗಾಲದ ಮನೆಗೆಲಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ಬಟ್ಟೆ ಒಣಗುವುದೇ ಇಲ್ಲ. ಫ್ಯಾನ್ ಕೆಳಗೆ ಹಗ್ಗ ಕಟ್ಟಿ ಒಣಗಿಸಿದ ಜೀನ್ಸ್ ಕೈಗೆ ಒಣಗಿದ ಹಾಗೆ ಅನ್ನಿಸುತ್ತದೆ, ಹೊಲಿಗೆಯ ಹತ್ತಿರ ಒದ್ದೆ ಇರುತ್ತದೆ. ಆ ಹೊಲಿಗೆ ಬರುವುದು ಸರಿಯಾಗಿ ತೊಡೆಸಂದಿಗೆ. ನಾಲ್ಕು ತಿಂಗಳು ಜೀನ್ಸ್ ಬಿಡಿ, ಸಡಿಲ ಹತ್ತಿ ಬಟ್ಟೆ ಹಾಕಿ. ಒಳಬಟ್ಟೆಗೆ ಇಸ್ತ್ರಿ ಹಾಕಿ. ನಗಬೇಡಿ, ನನ್ನ ಡಾಕ್ಟರ್ ಹೇಳಿದ ಮಾತಿದು, ಮನೆಯಲ್ಲಿ ನಕ್ಕವರು ಈಗ ತಾವೂ ಹಾಕುತ್ತಾರೆ. ಟವೆಲ್ ಒಬ್ಬರಿಗೊಂದು. ಹುಳಕಡ್ಡಿ ಇದ್ದವರ ಬಟ್ಟೆ ಬೇರೆಯಾಗಿ ಬಿಸಿನೀರಲ್ಲಿ ಒಗೆಯಿರಿ.

ಆಫೀಸಿನಲ್ಲಿ ಒಂದು ಜೊತೆ ಚಪ್ಪಲಿ, ಒಂದು ಜೊತೆ ಒಣ ಸಾಕ್ಸ್ ಇಟ್ಟಿರಿ. ತಲುಪಿದ ಕೂಡಲೇ ಕಾಲು ತೊಳೆದು ಬೆರಳಸಂದಿ ಒರೆಸಿ. ಕೆಸರುಹುಣ್ಣು ಆ ಸಂದಿಯಲ್ಲೇ ಶುರುವಾಗುವುದು. ಶುಗರ್ ಇದ್ದವರಿಗೆ ಆ ಸಣ್ಣ ಬಿರುಕೇ ಕಾಲು ಊದಿಕೊಳ್ಳಲು ದಾರಿ. ಹಿಂದ್‌ಮಾತಾ ಕಡೆಯ ಮೊಣಕಾಲುದ್ದ ನೀರಲ್ಲಿ ನಡೆದು ಬಂದಿದ್ದರೆ ಮಾತು ಚರ್ಮಕ್ಕೆ ಮುಗಿಯುವುದಿಲ್ಲ. ಇಲಿಜ್ವರ, ಅಂದರೆ ಲೆಪ್ಟೊ ಆಗದಂತೆ 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಮಾತ್ರೆ ತಗೊಳ್ಳಿ ಅಂತ ಮುಂಬೈ ಪಾಲಿಕೆ ಬಿಎಂಸಿ ಮಳೆಗಾಲದಲ್ಲಿ ಹೇಳುತ್ತಲೇ ಇರುತ್ತದೆ.

ಬಿಸಿಲಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಸಾಕು. ಎರಡು ಬೆರಳುದ್ದ ಹಿಂಡಿದರೆ ಮುಖ, ಕತ್ತಿಗೆ ಸರಿಯಾಗುತ್ತದೆ. ಬಂಗು ಇದ್ದವರು ಚರ್ಮದ ಬಣ್ಣ ಬೆರೆತ ಸನ್‌ಸ್ಕ್ರೀನ್ ಬಗ್ಗೆ ಕೇಳಿ, ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಹಣೆಯಲ್ಲಿ ಸ್ಟಿಕ್ಕರ್ ಇಡುವ ಜಾಗ ಕಡಿಯುತ್ತಿದ್ದರೆ, ಬೆಳ್ಳಗಾಗುತ್ತಿದ್ದರೆ ಅಂಟಿನ ಕೆಲಸ ಅದು. ಸ್ಟಿಕ್ಕರ್ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ.

ಕೂದಲು

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾತ್‌ರೂಮಿನ ಜಾಲರಿ ನೋಡಿ ಅಳಬೇಡಿ. ಆದರೆ ಒಮ್ಮೆಲೇ ಹಿಡಿಹಿಡಿ ಬಂದರೆ ಎರಡು ಮೂರು ತಿಂಗಳು ಹಿಂದಕ್ಕೆ ಎಣಿಸಿ. ಡೆಂಗಿ ಬಂದಿತ್ತಾ? ಹೆರಿಗೆ, ಆಪರೇಷನ್, ಜೋರು ಡಯಟ್? ಆಗಸ್ಟ್‌ನ ಡೆಂಗಿಗೆ ಕೂದಲು ಉದುರುವುದು ನವೆಂಬರ್‌ನಲ್ಲಿ. ಅಷ್ಟರಲ್ಲಿ ಜ್ವರ ಮರೆತಿರುತ್ತೇವೆ, ಹೊಸ ಶಾಂಪೂಗೆ ಬೈಯುತ್ತಿರುತ್ತೇವೆ. ಇದು ಹೆಚ್ಚಾಗಿ ಆರು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಡಾಕ್ಟರ್ ರಕ್ತಪರೀಕ್ಷೆ ಬರೆಯಬಹುದು: ರಕ್ತಕಣ ಎಣಿಸುವ ಸಿಬಿಸಿ, ಕಬ್ಬಿಣದ ದಾಸ್ತಾನು ನೋಡುವ ಫೆರಿಟಿನ್, ಥೈರಾಯ್ಡ್‌ಗೆ ಟಿಎಸ್‌ಎಚ್. ಟ್ಯಾಂಕರ್ ನೀರಿಗೆ ನಮ್ಮ ಸೊಸೈಟಿಯಲ್ಲಿ ಎಲ್ಲರೂ ಶಾಪ ಹಾಕುತ್ತಾರೆ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ತುಂಡಾಗುತ್ತದೆ, ನಿಜ. ಬುಡದಿಂದ ಬರುತ್ತಿದ್ದರೆ ಕಾರಣ ಬೇರೆಡೆ ಹುಡುಕಿ.

ನಾಣ್ಯದಷ್ಟು ಬೋಳಾದರೆ "ಹುಳ ತಿಂದಿದೆ" ಅನ್ನುತ್ತಾರೆ. ಯಾವ ಹುಳವೂ ಇಲ್ಲ. ನಮ್ಮದೇ ರೋಗನಿರೋಧಕ ಶಕ್ತಿ ಕೂದಲ ಬೇರಿನ ಮೇಲೆ ತಿರುಗಿ ಬಿದ್ದಿರುತ್ತದೆ. ಈರುಳ್ಳಿ ತಿಕ್ಕಿ ಹುಣ್ಣು ಮಾಡಿಕೊಳ್ಳಬೇಡಿ, ಇದಕ್ಕೆ ಆ ಜಾಗಕ್ಕೇ ಕೊಡುವ ಸಣ್ಣ ಇಂಜೆಕ್ಷನ್ ಇದೆ.

ಹೊಟ್ಟಿಗೆ ಕೀಟೊಕೊನಜೋಲ್ ಶಾಂಪೂ ಕೊಟ್ಟರೆ ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಿರಿ, ವಾರಕ್ಕೆ ಎರಡು ಸಲ. ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಚರಂಡಿಗೆ. ರಾತ್ರಿಯಿಡೀ ಎಣ್ಣೆ ಇಡುವುದು ಹೊಟ್ಟು ಇರುವಷ್ಟು ದಿನ ಬೇಡ. ಕಪ್ಪು ಮೆಹಂದಿ, ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರ ಮುಖವನ್ನೇ ಊದಿಸುತ್ತದೆ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ನೋಡಿ, ಆಮೇಲೆ ತಲೆಗೆ. ಕೂದಲು ಬೆಳೆಯಲು ಕೊಡುವ ಮಿನಾಕ್ಸಿಡಿಲ್ ಶುರು ಮಾಡಿದವರಿಗೆ ಮೊದಲ ವಾರಗಳಲ್ಲಿ ಕೂದಲು ಜಾಸ್ತಿ ಉದುರಬಹುದು. ಅಲ್ಲಿಗೇ ಬಿಟ್ಟವರೇ ಜಾಸ್ತಿ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು.

ಕೂಡಲೇ ಆಸ್ಪತ್ರೆಗೆ ಓಡುವುದು ಯಾವಾಗ

ಹೊಸ ಮಾತ್ರೆ ಶುರು ಮಾಡಿದ ಮೇಲೆ ಜ್ವರ, ಮೈಮೇಲೆ ಬೊಬ್ಬೆ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು ಆದರೆ ಮಾತ್ರೆ ನಿಲ್ಲಿಸಿ ಆಗಲೇ ಹೊರಡಿ. ಗಂಧೆ ಜೊತೆ ತುಟಿ ಊದಿ ಉಸಿರು ಕಟ್ಟಿದರೂ ಅಷ್ಟೇ. ಕಾಲು ಕೆಂಪಾಗಿ, ಬಿಸಿಯಾಗಿ, ಊತ ಮೇಲಕ್ಕೆ ಏರುತ್ತಾ ಚಳಿಜ್ವರ ಬಂದರೂ ಬೆಳಗಾಗಲಿ ಅಂತ ಕಾಯಬೇಡಿ.

ಉಗುರು, ಎಲ್ಲಕ್ಕಿಂತ ನಿಧಾನ

ಉಗುರು ನೇರವಾಗಿ ಕತ್ತರಿಸಿ, ಮೂಲೆ ಅಗೆಯಬೇಡಿ. ಉಗುರಿನ ಬುಡದ ತೆಳು ಚರ್ಮವನ್ನು ಪಾರ್ಲರ್‌ನಲ್ಲಿ ಕತ್ತರಿಸಲು ಬಿಡಬೇಡಿ, ಅದು ಬಾಗಿಲಿನ ಬೀಡಿಂಗ್ ಇದ್ದ ಹಾಗೆ, ಕಿತ್ತರೆ ನೀರು ಒಳಗೆ ಹೋಗಿ ಉಗುರುಸುತ್ತು ಆಗುತ್ತದೆ. ಪಾತ್ರೆ ಕೆಲಸ ಇರುವವರು ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್ ಹಾಕಿ. ಉಗುರು ಚಮಚದ ಹಾಗೆ ಗುಳಿ ಬಿದ್ದರೆ ಕಬ್ಬಿಣದ ಅಂಶ ಕಡಿಮೆ ಇರಬಹುದು, ಸೂಜಿ ಚುಚ್ಚಿದ ಹಾಗೆ ಚುಕ್ಕೆ ಇದ್ದರೆ ಸೋರಿಯಾಸಿಸ್ ಇರಬಹುದು. ದಪ್ಪಗಾಗಿ ಹಳದಿ ತಿರುಗಿದ ಉಗುರೆಲ್ಲ ಫಂಗಸ್ ಅಲ್ಲ. ತಿಂಗಳುಗಟ್ಟಲೆ ಮಾತ್ರೆ ನುಂಗುವ ಮುಂಚೆ ಉಗುರಿನ ಚೂರು ಟೆಸ್ಟ್ ಮಾಡಿಸಿ ಅಂತ ಕೇಳಿ.

ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಬದಲಾಗಲು ಆರು ತಿಂಗಳು. ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು. ಫಂಗಸ್ ಸತ್ತರೂ ಹಾಳಾದ ಉಗುರು ಅಲ್ಲೇ ಇರುತ್ತದೆ, ಬೆಳೆದು ಮುಂದೆ ಹೋಗಬೇಕು ಅಷ್ಟೇ. ನನ್ನ ಸೊಂಟದ ಹುಳಕಡ್ಡಿ ಹೋದ ಮೇಲೂ ಕಾಲಿನ ಹೆಬ್ಬೆರಳಿನ ಉಗುರಲ್ಲಿ ಫಂಗಸ್ ಉಳಿದಿತ್ತು, ಟೆಸ್ಟ್‌ನಲ್ಲಿ ಸಿಕ್ಕಿತು. ಔಷಧಿ ಶುರುವಾದ ದಿನ ಡಾಕ್ಟರ್ ಹಳದಿ ಭಾಗದ ಅಂಚಿಗೆ ಅರದಿಂದ ಒಂದು ಸಣ್ಣ ಗೀರು ಹಾಕಿದರು. ಹಿಂದೆ ಬರುವ ಉಗುರು ಸ್ವಚ್ಛ ಇದ್ದರೆ ಗೀರಿನ ಆಚೆಗೇ ಹಳದಿ ಉಳಿಯಬೇಕು. ಪ್ರತಿ ತಿಂಗಳ ಒಂದನೇ ತಾರೀಕು ಫೋಟೋ ತೆಗೆಯುತ್ತೇನೆ. ಎಂಟನೇ ಫೋಟೋದಲ್ಲಿ ಗೀರು ಅರ್ಧ ದಾಟಿದೆ, ಅದರ ಹಿಂದೆ ಗುಲಾಬಿ ಬಣ್ಣ.